ಎಡಗಡೆಯಿಂದ ಒಂದು

ಹೋನಿಂಗ್ ಆದ ಮೇಲೆ ಸಿಲಿಂಡರನ್ನು ಎಷ್ಟು ಸಲ ತೊಳೆಯಬೇಕು ಎಂದು ಎಂಜಿನ್ ಮೇಸ್ತ್ರಿಯಾದ ನಮ್ಮ ಮಾವನವರನ್ನು ಕೇಳಿದರೆ ಅವರು ಸಂಖ್ಯೆ ಹೇಳುವುದಿಲ್ಲ. ಒಳಗೆ ಹಾಕಿದ ಬಿಳಿ ಬಟ್ಟೆ ಬಿಳಿಯಾಗಿಯೇ ಹೊರಗೆ ಬರುವವರೆಗೆ ತೊಳೆಯಬೇಕು, ಅಷ್ಟೆ. ಆ ಶನಿವಾರ ಬೆಳಿಗ್ಗೆ ನಾನು ಬಿಸಿನೀರು, ಸೋಪಿನ ಪುಡಿ, ಉದ್ದ ಹಿಡಿಯ ಬ್ರಷ್ಷು ಇಟ್ಟುಕೊಂಡು ಶಾಲಾ ವ್ಯಾನಿನ ಎಂಜಿನ್ನಿನ ನಾಲ್ಕೂ ಸಿಲಿಂಡರುಗಳನ್ನು ಐದು ಸಲ ಉಜ್ಜಿ ತೊಳೆದಿದ್ದೆ. ಐದನೆಯ ಸಲವೂ ಮೂರನೆಯ ಸಿಲಿಂಡರಿನಿಂದ ಬಂದ ಬಟ್ಟೆಯಲ್ಲಿ ಬೂದು ಬಣ್ಣದ ಸಣ್ಣದೊಂದು ಗೆರೆ ಇತ್ತು.

“ಬಂತಾ?” ಎಂದರು ಮಾವ, ತಿರುಗಿ ನೋಡದೆ.

“ಚೂರು ಬಂತು.”

“ಚೂರು ಅನ್ನೋದು ಉಪ್ಪಿಗೆ ಸರಿ ಕಣಮ್ಮ. ಇನ್ನೊಂದು ಬಕೆಟ್ ಕಾಯ್ಸು.”

ಹಿಂದಿನ ದಿನ ಅವರು ಡ್ರಿಲ್ಲಿಗೆ ಮೂರು ಸಾಣೆಕಲ್ಲಿನ ಹೋನ್ ಸಿಕ್ಕಿಸಿ, ಎಣ್ಣೆ ಬಿಡುತ್ತ, ಒಂದೊಂದು ಸಿಲಿಂಡರಿನಲ್ಲೂ ಮೇಲೆ ಕೆಳಗೆ ಆಡಿಸಿದ್ದರು. ವರ್ಷಗಟ್ಟಲೆ ಪಿಸ್ಟನ್ ಓಡಾಡಿ ಕನ್ನಡಿಯ ಹಾಗೆ ನುಣುಪಾಗಿದ್ದ ಗೋಡೆಯ ಮೇಲೆ ಈಗ ಒಂದಕ್ಕೊಂದು ಅಡ್ಡ ಹಾಯುವ ಸಣ್ಣ ಗೆರೆಗಳು ಎದ್ದಿದ್ದವು. ಎಣ್ಣೆ ನಿಲ್ಲುವುದು ಆ ಗೆರೆಗಳಲ್ಲಿ. ಕಲ್ಲಿನ ಪುಡಿ ಅಡಗುವುದೂ ಅಲ್ಲಿಯೇ. ಅದೊಂದಿಷ್ಟು ಉಳಿದರೂ ಹೊಸ ರಿಂಗುಗಳನ್ನು ವಾರದೊಳಗೆ ತಿಂದುಹಾಕುತ್ತದೆ.

ಮಾವನವರ ಬೆರಳುಗಳಿಗೆ ಈಗಲೂ ಎಲ್ಲ ಗೊತ್ತಾಗುತ್ತದೆ. ಕಣ್ಣಿಗೆ ಮಾತ್ರ ಸಣ್ಣ ಅಂಕಿಗಳು ಕಾಣುವುದಿಲ್ಲ. ನಾನು ಪ್ರೂಫ್ ನೋಡುತ್ತಿದ್ದ ಪ್ರೆಸ್ಸು ಎಂಟು ತಿಂಗಳ ಹಿಂದೆ ಮುಚ್ಚಿದಾಗ, “ಮನೇಲಿ ಕೂತು ಬೀಗ ಎಳೆದೆಳೆದು ನೋಡೋ ಬದಲು ಶೆಡ್ಡಿಗೆ ಬಂದು ಅಂಕಿ ಓದು” ಎಂದು ಅವರೇ ಕರೆದರು. ಅಳೆಯುವುದು, ನೋಟ್‌ಬುಕ್ಕಿನಲ್ಲಿ ಬರೆಯುವುದು, ತೊಳೆಯುವುದು ನನ್ನ ಕೆಲಸ. ಬಿಚ್ಚುವುದು, ಕೂಡಿಸುವುದು ಅವರದು.

ಬೀಗದ ಮಾತು ಸುಳ್ಳಲ್ಲ. ನಾನು ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಬೀದಿಯ ತಿರುವಿನವರೆಗೆ ಹೋಗಿ, ಮತ್ತೆ ಬಂದು ಎಳೆದು ನೋಡುವವಳು. ನಮ್ಮ ಯಜಮಾನರು ನನಗಿಟ್ಟ ಹೆಸರು ‘ಚೆಕಿಂಗ್ ಇನ್‌ಸ್ಪೆಕ್ಟರ್’. ಹೋದ ತಿಂಗಳು ಒಂದು ಟೆಂಪೋ ಎಂಜಿನ್ ಕೂಡಿಸಿ ಮುಗಿದಾಗ ಒಂದು ನಟ್ಟು ಕಡಿಮೆ ಬಂತು. ಅದು ಒಳಗೇ ಬಿದ್ದಿದೆ ಎಂದು ನಾನು ಹಟ ಹಿಡಿದೆ. ಮಾವ ಕೆಳಗಿನ ಆಯಿಲ್ ಚೇಂಬರ್ ಪೂರ್ತಿ ಬಿಚ್ಚಿದರು. ನಟ್ಟು ನನ್ನ ಕುರ್ತಾದ ಜೇಬಿನಲ್ಲಿತ್ತು. ಅವರು ಬೈಯಲಿಲ್ಲ. “ಅನುಮಾನ ಬಂದಾಗೆಲ್ಲ ಬಿಚ್ತಾ ಕೂತ್ರೆ ಈ ಶೆಡ್ಡಿಂದ ಒಂದು ಗಾಡೀನೂ ಹೊರಗೆ ಹೋಗಲ್ಲ” ಎಂದಷ್ಟೇ ಹೇಳಿ ಕೈ ಒರೆಸಿಕೊಂಡರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಏಳನೆಯ ಸಲಕ್ಕೆ ನಾಲ್ಕೂ ಬಟ್ಟೆಗಳು ಬಿಳಿಯಾಗಿ ಬಂದವು. ತುಕ್ಕು ಹಿಡಿಯುವ ಮೊದಲೇ ಒಳಗೆಲ್ಲ ಎಣ್ಣೆ ಸವರಿ ರಿಂಗುಗಳಿಗೆ ಕೈ ಹಾಕಿದೆವು.

ಪಿಸ್ಟನ್ ರಿಂಗು ಪೂರ್ತಿ ಬಳೆಯಲ್ಲ. ಒಂದು ಕಡೆ ಕತ್ತರಿಸಿದ ಬಾಯಿ ಇರುತ್ತದೆ. ಅದನ್ನು ಸಿಲಿಂಡರಿನೊಳಗೆ ಇಟ್ಟು, ಬಾಯಿಯ ಎರಡು ತುದಿಗಳ ನಡುವೆ ಎಷ್ಟು ಸಂದು ಉಳಿಯಿತೆಂದು ಫೀಲರ್ ಗೇಜಿನ ತೆಳ್ಳನೆಯ ಪಟ್ಟಿಗಳನ್ನು ತೂರಿಸಿ ನೋಡಬೇಕು. ಈ ಎಂಜಿನ್ನಿಗೆ ನಲವತ್ತರ ಪಟ್ಟಿ, ಅಂದರೆ ಮಿಲಿಮೀಟರಿನ ನೂರರಲ್ಲಿ ನಲವತ್ತು ಪಾಲು ದಪ್ಪದ್ದು, ಹಿಡಿಯಬೇಕು. ಹೆಚ್ಚಾದರೆ ಹೊಗೆ, ಕಡಿಮೆಯಾದರೆ ಅಪಾಯ. “ರಿಂಗು ಬಿಸಿಯಾದ್ರೆ ಉದ್ದ ಆಗತ್ತೆ. ಉದ್ದ ಆಗೋಕೆ ಜಾಗ ಇಲ್ದಿದ್ರೆ ತುದಿಗೆ ತುದಿ ಗುದ್ದತ್ತೆ, ಗೋಡೆ ಕೆರೆಯತ್ತೆ. ಕೊನೆಗೆ ಪಿಸ್ಟನ್ ಹಿಡ್ಕೊಂಡು ನಿಂತುಬಿಡತ್ತೆ” ಎಂದು ಮಾವ ಮೊದಲ ವಾರವೇ ಹೇಳಿಕೊಟ್ಟಿದ್ದರು. ಶಾಲೆಯ ವ್ಯಾನು ದಿನಾ ಹತ್ತುವ ಏರು ನನಗೆ ಗೊತ್ತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಏನೂ ಇಲ್ಲ.

ಈ ವ್ಯಾನಿನ ಸಿಲಿಂಡರುಗಳು ಒಂದೇ ಸಮನಾಗಿ ಸವೆದಿರಲಿಲ್ಲ. ನಾಲ್ಕನೆಯದು ಹೆಚ್ಚು ಸವೆದಿತ್ತು, ಒಂದನೆಯದು ಎಲ್ಲಕ್ಕಿಂತ ಕಡಿಮೆ. ಹಾಗಾಗಿ ಒಂದನೆಯದರ ರಿಂಗುಗಳ ತುದಿಯನ್ನು ಮಾವ ಸಣ್ಣ ಅರದಿಂದ ಹೆಚ್ಚು ಉಜ್ಜಬೇಕಾಯಿತು. ನಾಲ್ಕನೆಯದರವುಗಳಿಗೆ ಅರ ಮುಟ್ಟಿಸಿದ್ದೇ ಇಲ್ಲ. ಉಜ್ಜುವುದು ಅವರು, ಪಟ್ಟಿ ತೂರಿಸಿ ನೋಡುವುದು ನಾನು. ಹೀಗೆ ನಾಲ್ಕು ಸಿಲಿಂಡರುಗಳಿಗೆ ಮೂರು ಮೂರರಂತೆ ಹೊಂದಿಸಿದ ರಿಂಗುಗಳನ್ನು ಅಲ್ಯುಮಿನಿಯಂ ಟ್ರೇಯಲ್ಲಿ ನಾಲ್ಕು ಗುಂಪಾಗಿ ಇಟ್ಟರು.

ಮಾವನವರ ಪದ್ಧತಿಯಲ್ಲಿ ಟ್ರೇಯ ಮೇಲೆ ಏನೂ ಬರೆಯುವುದಿಲ್ಲ. ಎಡಗಡೆಯಿಂದ ಒಂದು, ಎರಡು, ಮೂರು, ನಾಲ್ಕು. ನಲವತ್ತು ವರ್ಷದಿಂದ ಹಾಗೆಯೇ. “ಒಂದು ಅಂತ ಬರೆದಿಡೋಣವಾ?” ಎಂದು ನಾನು ಬಂದ ಹೊಸತರಲ್ಲಿ ಕೇಳಿದ್ದಕ್ಕೆ, “ನನ್ನ ಎಡಗೈ ಯಾವ್ದು ಅಂತಾನೂ ಬರೆದು ಅಂಟಿಸ್ಬಿಡು” ಎಂದಿದ್ದರು. ಎರಡನೆಯ ನಿಯಮವೂ ಇತ್ತು. ರಿಂಗು ಇಟ್ಟ ಟ್ರೇಯನ್ನು ಅವರ ಹೊರತು ಯಾರೂ ಮುಟ್ಟಬಾರದು.

ನಾನು ಮುಟ್ಟಿದೆ.

ಹತ್ತೂವರೆಯ ಹೊತ್ತಿಗೆ ಪಕ್ಕದ ಅಂಗಡಿಯ ಮುಂದೆ ಟೈಲ್ಸ್ ಕೊಯ್ಯುವವನು ಯಂತ್ರ ಹಚ್ಚಿದ. ಬಿಳಿ ಧೂಳು ಮೋಡದ ಹಾಗೆ ಎದ್ದು ಶೆಡ್ಡಿನ ಬಾಗಿಲಿಗೇ ಬಂತು. ಮಾವ ಸ್ಪ್ಯಾನರ್ ಹಿಡಿದುಕೊಂಡೇ ಹೊರಗೆ ಹೋಗಿ, “ಏನಪ್ಪಾ, ಬೇರೆ ಜಾಗ ಸಿಗ್ಲಿಲ್ವಾ? ನಮ್ಮ ಎಂಜಿನ್ನಿಗೇ ಪೌಡರ್ ಹಾಕ್ಬೇಕಾ?” ಎಂದು ಜಗಳಕ್ಕೆ ನಿಂತರು. ನಾನು ಎಂಜಿನ್ನಿನ ಮೇಲೆ ಬೆಡ್‌ಶೀಟು ಎಳೆದೆ. ಟ್ರೇ ಬಾಗಿಲಿಗೆ ಎದುರಾಗಿ, ಮೇಜಿನ ಮೇಲೆ ತೆರೆದುಕೊಂಡು ಕೂತಿತ್ತು. ಒಂದು ಕಣ ಬಿದ್ದರೂ ಬೆಳಗಿನಿಂದ ತೊಳೆದದ್ದೆಲ್ಲ ನೀರು ಪಾಲು. ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಒಳಗೋಡೆಯ ಹಲಗೆಯ ಮೇಲೆ ಇಟ್ಟು, ಬಟ್ಟೆ ಮುಚ್ಚಿದೆ. ಯಂತ್ರ ನಿಂತ ಮೇಲೆ ತಂದು ಮೊದಲಿದ್ದಲ್ಲೇ ಇಟ್ಟೆ. ಮಾವ ಇನ್ನೂ ಗೊಣಗುತ್ತ ಒಳಗೆ ಬಂದು ತಮ್ಮ ಜಾಗದಲ್ಲಿ ನಿಂತು, ಎಡಗಡೆಯ ಗುಂಪಿನಿಂದ ಮೊದಲ ರಿಂಗನ್ನು ಎತ್ತಿಕೊಂಡರು.

ಊಟದ ಹೊತ್ತಿಗೆ ನಾಲ್ಕೂ ಪಿಸ್ಟನ್ನುಗಳು ಒಳಗಿದ್ದವು.

ಮನೆ ಶೆಡ್ಡಿನ ಹಿಂದೆಯೇ. ತಟ್ಟೆಯ ಮುಂದೆ ಕೂತಾಗ ಪೈಜಾಮದ ಎಡಗಾಲು ಮೊಣಕಾಲಿನವರೆಗೆ ಬಿರುಸಾಗಿರುವುದು ಗೊತ್ತಾಯಿತು. ಸೋಪಿನ ನೀರು ಚೆಲ್ಲಿ ಒಣಗಿತ್ತು. ಬಕೆಟ್ಟಿಗೆ ಕಾಲು ತಗಲಿದ್ದು ನೆನಪಾಯಿತು. ಆಗ ವಾಲಿದ ಬಕೆಟ್ಟನ್ನು ಕೈಯಲ್ಲಿ ಹಿಡಿದುಕೊಳ್ಳಲು ಆಗದೆ ಹಾಗೇ ಬಿಟ್ಟದ್ದೂ ನೆನಪಾಯಿತು. ಯಾಕೆ ಆಗಲಿಲ್ಲ? ಎರಡೂ ಕೈಯಲ್ಲಿ ಟ್ರೇ ಇತ್ತು.

ಬಕೆಟ್ ಇದ್ದದ್ದು ಮೇಜಿನ ಆಚೆ ಬದಿಗೆ. ಮಾವ ನಿಲ್ಲುವುದು ಈಚೆ ಬದಿಗೆ.

ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದೆ. ಈಚೆ ಬದಿಯಿಂದ ಎತ್ತಿಕೊಂಡು ಹೋಗಿ, ಮರಳಿ ತರುವಾಗ ಆಚೆ ಬದಿಯಿಂದ ಹಾಗೇ ಇಟ್ಟಿದ್ದರೆ ನನ್ನ ಎಡ ಅವರಿಗೆ ಬಲ. ಒಂದನೆಯ ಗುಂಪು ನಾಲ್ಕನೆಯದರ ಜಾಗದಲ್ಲಿ, ನಾಲ್ಕನೆಯದು ಒಂದನೆಯದರಲ್ಲಿ. ಅರ ಮುಟ್ಟದ ಆ ಉದ್ದನೆಯ ರಿಂಗುಗಳು, ಎಲ್ಲಕ್ಕಿಂತ ಬಿಗಿಯಾದ ಸಿಲಿಂಡರಿನೊಳಗೆ.

ಆದರೆ ಬಕೆಟ್ಟಿಗೆ ಕಾಲು ತಗಲಿದ್ದು ಟ್ರೇ ತರುವಾಗಲೋ, ಒಯ್ಯುವಾಗಲೋ? ಒಯ್ಯುವಾಗಲೂ ನಾನು ಬೆಡ್‌ಶೀಟು ಎಳೆಯುತ್ತ ಆಚೆ ಬದಿಗೆ ಹೋಗಿದ್ದೆನಲ್ಲ. ಅಲ್ಲಿಂದಲೇ ಎತ್ತಿ, ಅಲ್ಲಿಂದಲೇ ಇಟ್ಟಿದ್ದರೆ ಎಲ್ಲವೂ ಸರಿಯಾಗಿದೆ. ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದೆ. ಕಂಡದ್ದು ಬಿಳಿ ಧೂಳು ಮಾತ್ರ.

“ಯಾಕೆ ಮುಖ ಹಂಗಾಯ್ತು?” ಎಂದರು ಅತ್ತೆ. “ಇವತ್ತು ಯಾವ ಬೀಗ ಹಾಕಿಲ್ಲ?”

“ಏನಿಲ್ಲ ಅತ್ತೆ.”

“ಏನಿಲ್ಲ ಅಂದ್ರೆ ಏನೋ ಇದೆ. ತಿಂದು ಆಮೇಲೆ ಚಿಂತೆ ಮಾಡು. ಎರಡೂ ಒಟ್ಟಿಗೆ ಮಾಡಿದ್ರೆ ಎರಡೂ ಜೀರ್ಣ ಆಗಲ್ಲ.”

ಮಾವ ನಕ್ಕರು. ಆ ನಗುವಿನೊಳಗೇ ಹೇಳಿಬಿಡಬಹುದಿತ್ತು. ಎಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಇನ್ನೂ ಕೂರಿಸಿರಲಿಲ್ಲ, ಕೆಳಗಿನ ಚೇಂಬರ್ ಕಟ್ಟಿರಲಿಲ್ಲ. ಪಿಸ್ಟನ್ ಹೊರತೆಗೆದು ನೋಡುವುದು ಅರ್ಧ ಗಂಟೆಯ ಕೆಲಸ. ಆದರೆ ಹೇಳುವುದೇನನ್ನು? ಟ್ರೇ ಮುಟ್ಟಿದೆ ಎಂದೇ? ತಿರುಗಿಸಿದೆನೋ ಇಲ್ಲವೋ ಗೊತ್ತಿಲ್ಲ ಎಂದೇ? ಜೇಬಿನಲ್ಲಿದ್ದ ನಟ್ಟು ಕಣ್ಣೆದುರು ಬಂತು. ಖಚಿತವಾಗಲಿ, ಆಮೇಲೆ ಹೇಳೋಣ ಎಂದುಕೊಂಡೆ.

ಖಚಿತವಾಗುವ ದಾರಿ ಇರಲಿಲ್ಲ. ಮಧ್ಯಾಹ್ನ ಪೂರ್ತಿ ಹುಡುಕಿದೆ. ಮಾವ ಕೆಳಗಿನ ಚೇಂಬರ್ ಕಟ್ಟಿ, ಮೇಲೆ ಗ್ಯಾಸ್ಕೆಟ್ ಎಂಬ ತೆಳು ಹಾಳೆ ಹಾಸಿ ಹೆಡ್ ಇಳಿಸಿದರು. ಗ್ಯಾಸ್ಕೆಟ್ ಒಮ್ಮೆ ಬಿಗಿದರೆ ಮುಗಿಯಿತು. ಬಿಚ್ಚಿದರೆ ಹೊಸದೇ ಬೇಕು. ನಾನು ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ ನೋಡಿದೆ. ನಯವಾಗಿ ತಿರುಗಿತು. ತಣ್ಣಗಿರುವಾಗ ಯಾವ ರಿಂಗೂ ತನ್ನ ಗುಟ್ಟು ಬಿಡುವುದಿಲ್ಲ. ಅವರು ಹೆಡ್ಡಿನ ಹತ್ತು ಬೋಲ್ಟುಗಳನ್ನು ನಡುವಿನಿಂದ ಹೊರಗೆ, ಮೂರು ಸುತ್ತಿನಲ್ಲಿ ಬಿಗಿದರು. ಕೊನೆಯ ಸುತ್ತಿಗೆ ಟಾರ್ಕ್ ರೆಂಚು ಪ್ರತಿ ಬೋಲ್ಟೂ ಬೇಕಾದಷ್ಟು ಬಿಗಿಯಾದಾಗ ‘ಟಕ್’ ಎನ್ನುತ್ತಿತ್ತು. ಹತ್ತು ಸಲ ಟಕ್ ಎಂದಿತು. ಹತ್ತು ಸಲವೂ ಬಾಯಿ ತೆರೆದು ಮುಚ್ಚಿದೆ.

ಹಿತ್ತಲಿಗೆ ಹೋಗಿ ಯಜಮಾನರಿಗೆ ಫೋನು ಮಾಡಿದೆ. ಅವರು ಗೋದಾಮಿನಲ್ಲಿ ಕೆಲಸದಲ್ಲಿದ್ದರು, ಹಿಂದೆ ಯಾರೋ ಕೂಗಾಡುತ್ತಿದ್ದರು.

“ಒಂದು ಅನುಮಾನ.”

“ಇದು ಇವತ್ತಿನ ಎಷ್ಟನೇದು ಇನ್‌ಸ್ಪೆಕ್ಟ್ರೇ?”

“ತಮಾಷೆ ಅಲ್ಲ ರೀ. ರಿಂಗ್ ಅದಲುಬದಲಾಗಿದೆ ಅನ್ಸತ್ತೆ.”

“ಅನ್ಸತ್ತಾ, ಗೊತ್ತಾ?”

“ಅನ್ಸತ್ತೆ.”

“ಅಪ್ಪ ಕೂಡಿಸಿದ್ದಲ್ವಾ? ಅವರ ಕೈ ತಪ್ಪಲ್ಲ ಬಿಡು. ನೀನು ಹೋಗಿ ಒಂದು ಲೋಟ ಟೀ ಕುಡಿ.”

ಅವರ ಕೈ ತಪ್ಪುವುದಿಲ್ಲ, ನಿಜ. ಅವರ ಕೈ ಎಡಗಡೆಯಿಂದಲೇ ಎತ್ತಿಕೊಂಡಿತ್ತು. ಅದೇ ನನ್ನ ಭಯ.

ನಾಲ್ಕು ಗಂಟೆಗೆ ವ್ಯಾನಿನ ಡ್ರೈವರ್ ಬಂದ. ಮನೆ ಮನೆಯ ಮುಂದೆ ಹಾರನ್ ಒತ್ತಿ ಒತ್ತಿ ಅವನಿಗೆ ‘ಪೀಪಿ’ ಎಂಬ ಹೆಸರೇ ಉಳಿದುಬಿಟ್ಟಿದೆ. ಸೋಮವಾರ ರಜೆ ಮುಗಿದು ಶಾಲೆ ಶುರು. ಹದಿನಾಲ್ಕು ಮಕ್ಕಳು.

“ಮೇಸ್ತ್ರೀ, ನನ್ನ ಮುದುಕಿಗೆ ಹರೆಯ ಬಂತಾ?”

“ಬಂದಿದೆ. ಮೊದಲ ಐನೂರು ಕಿಲೋಮೀಟರ್ ಕೈಹಿಡಿದು ನಡೆಸು. ಓಡಿಸ್ಬೇಡ.”

“ಓಡೋದಕ್ಕೆ ಅದಕ್ಕೆ ಯಾವತ್ತು ಬಂದಿತ್ತು ಹೇಳಿ!”

ಇಬ್ಬರೂ ಸೇರಿ ಹೊರಗಿದ್ದ ವ್ಯಾನನ್ನು ತಳ್ಳಿ ಒಳಗೆ ತಂದರು. ಮಾವ ಮೇಲಿನ ತೊಲೆಗೆ ಕಟ್ಟಿದ್ದ ಚೈನ್ ಬ್ಲಾಕಿನ ಕೊಕ್ಕೆಯನ್ನು ಎಂಜಿನ್ನಿಗೆ ಸಿಕ್ಕಿಸಿ ಸರಪಳಿ ಎಳೆಯತೊಡಗಿದರು. ಎಂಜಿನ್ ಸ್ಟ್ಯಾಂಡಿನಿಂದ ಒಂದು ಗೇಣು ಮೇಲೆದ್ದಿತು, ಸಣ್ಣಗೆ ತೂಗಾಡಿತು. ಪೀಪಿ ಅದಕ್ಕೆ ಕೈ ಕೊಟ್ಟು ನಿಲ್ಲಿಸಿದ. ಇನ್ನು ಮುಂದಕ್ಕೆ ತಳ್ಳಿ ವ್ಯಾನಿನೊಳಗೆ ಇಳಿಸುವುದಷ್ಟೇ. ಒಳಗೆ ಹೋದರೆ ನಾಳೆ ಓಡುತ್ತದೆ, ನಾಡಿದ್ದು ಏರು ಹತ್ತುತ್ತದೆ.

“ಮಾವ, ನಿಲ್ಲಿಸಿ.”

ನನ್ನ ಧ್ವನಿ ನನಗೇ ಜೋರಾಗಿ ಕೇಳಿಸಿತು. ಸರಪಳಿ ನಿಂತಿತು.

“ಏನು?”

“ಬೆಳಿಗ್ಗೆ ಧೂಳು ಬಂದಾಗ ನಾನು ಟ್ರೇ ಎತ್ತಿ ಒಳಗಿಟ್ಟಿದ್ದೆ. ವಾಪಸ್ ಇಡುವಾಗ ತಿರುಗಿಸಿ ಇಟ್ಟಿರಬಹುದು.”

“ಇಟ್ಟಿರಬಹುದಾ, ಇಟ್ಟಿದ್ದೀಯಾ?”

“ಗೊತ್ತಿಲ್ಲ.”

ಪೀಪಿ ನನ್ನನ್ನೂ ಮಾವನವರನ್ನೂ ನೋಡಿದ. “ಅಕ್ಕಾ, ಗೊತ್ತಿಲ್ಲದೆ ಇರೋದನ್ನ ಈಗ ಹೇಳ್ತಿದ್ದೀರಲ್ಲಕ್ಕಾ! ಮಧ್ಯಾಹ್ನ ಬಾಯಿಗೆ ಏನಾಗಿತ್ತು?”

 ಮಾವ ಸರಪಳಿ ಹಿಡಿದೇ ನಿಂತಿದ್ದರು.  ನನಗೆ ಅವರ ಮುಖ ನೋಡುವ ಧೈರ್ಯವಾಗದೆ ಎಂಜಿನ್ನಿನ ತಳ ನೋಡುತ್ತಿದ್ದೆ. ಆಮೇಲೆ ಸರಪಳಿಯ ಸದ್ದು ಕೇಳಿತು. ಎಂಜಿನ್ ಮೇಲಕ್ಕೆ ಹೋಗಲಿಲ್ಲ. ಕೆಳಗೆ ಬಂತು.

“ಹನ್ನೆರಡರ ಸ್ಪ್ಯಾನರ್ ಕೊಡು” ಎಂದರು.

“ಮೇಸ್ತ್ರೀ, ನಿಜವಾಗ್ಲೂ ಬಿಚ್ತೀರಾ?”

“ನಿನ್ನ ಗಾಡೀಲಿ ಕೂರೋದು ನಾನಲ್ಲ ಮಾರಾಯ. ಮಕ್ಕಳು.”

 ಚೇಂಬರ್ ಇಳಿಯಿತು, ಹೆಡ್ ಎದ್ದಿತು, ಗ್ಯಾಸ್ಕೆಟ್ ಹರಿದು ಬಂತು. ಸರಿಯಾಗಿಯೇ ಇದ್ದುಬಿಟ್ಟರೆ? ಒಂದೊಂದು ಬೋಲ್ಟ್ ಬಿಚ್ಚಿದಾಗಲೂ ನಾನು ಎರಡನ್ನೂ ಬೇಡಿಕೊಳ್ಳುತ್ತಿದ್ದೆ: ತಪ್ಪಾಗಿರದಿರಲಿ, ನಾನು ಹೇಳಿದ್ದು ಸುಳ್ಳಾಗದಿರಲಿ. ಎರಡೂ ಆಗಲು ಸಾಧ್ಯವಿಲ್ಲ ಎಂದು ಗೊತ್ತಿದ್ದೂ.

ಮಾವ ಒಂದನೆಯ ಪಿಸ್ಟನ್ ಹೊರಗೆ ತಳ್ಳಿ, ಮೇಲಿನ ರಿಂಗನ್ನು ಬಿಡಿಸಿ, ಸಿಲಿಂಡರಿನೊಳಗೆ ಇಟ್ಟು, ಪಿಸ್ಟನ್ನಿನ ತಲೆಯಿಂದಲೇ ಸಮನಾಗಿ ಕೆಳಗೆ ಒತ್ತಿದರು. “ಅಳಿ” ಎಂದರು.

ನಲವತ್ತರ ಪಟ್ಟಿ ಹೋಗಲಿಲ್ಲ. ಮೂವತ್ತರದೂ ಹೋಗಲಿಲ್ಲ. ಇಪ್ಪತ್ತರದು ಕೆರೆದುಕೊಂಡು ಹೋಯಿತು.

“ಎಷ್ಟು?”

“ಇಪ್ಪತ್ತು.”

ಪೀಪಿ ಹತ್ತಿರ ಬಂದು ಇಣುಕಿ ನೋಡಿದ. “ಇಪ್ಪತ್ತು ಅಂದ್ರೆ ಏನು?”

“ಏರಿನ ಮಧ್ಯದಲ್ಲಿ ಪಿಸ್ಟನ್ ಹಿಡ್ಕೊಳೋದು ಅಂತ” ಎಂದರು ಮಾವ. ಪೀಪಿ ಒಂದು ಹೆಜ್ಜೆ ಹಿಂದೆ ಸರಿದು, ಮಗುಚಿಟ್ಟ ಡಬ್ಬದ ಮೇಲೆ ಕೂತುಬಿಟ್ಟ. 

ಮಾವ ಕಣ್ಣಿಗೆ ಅಂಟಿದ ಬೆವರನ್ನು ತೋಳಿನಿಂದ ಒರೆಸಿಕೊಂಡರು. ಈಗ ಬರುತ್ತದೆ ಎಂದು ಕಾದೆ. ಟ್ರೇ ಮುಟ್ಟಿದ್ದಕ್ಕೆ, ಮಧ್ಯಾಹ್ನ ಪೂರ್ತಿ ಬಾಯಿ ಮುಚ್ಚಿಕೊಂಡಿದ್ದಕ್ಕೆ.

“ರಿಂಗ್ ಹಾಕೋ ಮುಂಚೆ ಇನ್ನೊಂದ್ಸಲ ಅಳೀ ಅಂತ ನಿನಗೆ ಹೇಳ್ಬೇಕು ಅನ್ಕೊಂಡಿದ್ದೆ” ಎಂದರು. “ಹೇಳ್ಲಿಲ್ಲ. ಹೇಳಿದ್ರೆ ನೀನು ಒಂದ್ಸಲಕ್ಕೆ ನಿಲ್ಲಿಸಲ್ಲ, ಹತ್ತು ಸಲ ಅಳೀತೀಯ, ಊಟಕ್ಕೆ ಹೊತ್ತಾಗತ್ತೆ ಅಂತ ಬಿಟ್ಟೆ.”

“ಟ್ರೇ ಮುಟ್ಟಿದ್ದು ನಾನು.”

“ಮುಟ್ಟಿದ್ದು ನೀನು. ನಂಬಿದ್ದು ನಾನು.”

ರಾತ್ರಿ ವಿಷಯ ತಿಳಿದು ಯಜಮಾನರು, “ನೋಡಿದ್ಯಾ, ನಿನ್ನ ಮಾತೇ ನಿಜ ಆಯ್ತಲ್ಲ, ಇನ್ನಾದ್ರೂ ನೆಮ್ಮದಿಯಾಗಿ ಮಲಗು” ಎಂದರು. ನೆಮ್ಮದಿ ಎಲ್ಲಿಂದ ಬರಬೇಕು? ಇಷ್ಟು ವರ್ಷ ನನ್ನ ಅನುಮಾನಗಳೆಲ್ಲ ಸುಳ್ಳು ಎಂದು ಮನೆಯವರೆಲ್ಲ ನಗುತ್ತಿದ್ದರು. ಆ ನಗುವನ್ನೇ ಹಿಡಿದುಕೊಂಡು ನಾನು ಎಷ್ಟೋ ದಿನ ದಾಟಿದ್ದೆ. ಈಗ ಅದೂ ಕೈಬಿಟ್ಟಿತ್ತು.

ಭಾನುವಾರ ಬೆಳಿಗ್ಗೆ ಹೊಸ ಗ್ಯಾಸ್ಕೆಟ್ ಹಿಡಿದು ಪೀಪಿಯೇ ಬಂದ. ಅಂಗಡಿಯವನನ್ನು ಮನೆಯಿಂದ ಎಬ್ಬಿಸಿಕೊಂಡು ಹೋಗಿ ತೆಗೆಸಿದ್ದನಂತೆ. ಸಿಲಿಂಡರುಗಳನ್ನು ಮತ್ತೆ ಒರೆಸಿ ಎಣ್ಣೆ ಸವರಿದೆವು. ಮಾವ ಎಲ್ಲ ರಿಂಗುಗಳನ್ನು ಬಿಡಿಸಿ ಟ್ರೇಯಲ್ಲಿ ತಮ್ಮ ಕ್ರಮದಲ್ಲೇ ಇಟ್ಟರು, ಎಡಗಡೆಯಿಂದ. ನಾನು ಚಾಕ್‌ಪೀಸ್ ತೆಗೆದದ್ದನ್ನು ನೋಡಿ ಬೇಡವೆಂದು ತಲೆಯಾಡಿಸಿದರು.

“ಬರೆಯೋದು ಬೇಡ. ನೀನು ಒಂದೊಂದನ್ನೂ ಅದರದರ ಸಿಲಿಂಡರಿಗೆ ಇಟ್ಟು ನೋಡು. ನೋಡಿ ‘ಸರಿ’ ಅನ್ನು. ನೀನು ಅನ್ನೋವರೆಗೂ ನಾನು ಪಿಸ್ಟನ್ ಇಳಿಸಲ್ಲ.”

“ನಲವತ್ತು ಇದೆ ಅಂತ ಹೇಳಿದ್ರೆ ಸಾಕಲ್ವಾ?”

“ಅಂಕಿ ನಿನ್ನೇನೂ ಹೇಳಿದ್ದೆ. ಅಂಕಿ ಬೇಡ. ಸರಿ ಅನ್ನು.”

ಒಂದನೆಯದರ ಮೂರು ರಿಂಗುಗಳನ್ನು ಅಳೆದೆ. ನಲವತ್ತು, ನಲವತ್ತು, ನಲವತ್ತು. ಮತ್ತೆ ಅಳೆದೆ. ಪಟ್ಟಿಯ ಮೇಲಿನ ಅಂಕಿಯನ್ನು ಬೆಳಕಿಗೆ ಹಿಡಿದು ಓದಿದೆ. ಮೂರನೆಯ ಸಲ ಅಳೆಯಲು ಬಗ್ಗಿದಾಗ ಪೀಪಿ ಡಬ್ಬದ ಮೇಲೆ ಕೂತಲ್ಲಿಂದಲೇ, “ಅಳೀರಕ್ಕಾ, ಅಳೀರಿ. ನಾನು ಬುತ್ತಿ ಕಟ್ಕೊಂಡೇ ಬಂದಿದ್ದೀನಿ” ಎಂದ. ಮಾವ ನಗಲಿಲ್ಲ. ಪಿಸ್ಟನ್ನನ್ನು ಒದ್ದೆ ಕೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

“ಸರಿ” ಎಂದೆ.

ರಿಂಗುಗಳು ಪಿಸ್ಟನ್ನಿಗೆ ಕೂತವು, ಬಾಯಿಗಳು ಮೂರು ದಿಕ್ಕಿಗೆ ತಿರುಗಿದವು, ಅವುಗಳನ್ನು ಒತ್ತಿ ಹಿಡಿಯುವ ಬಿಗಿಪಟ್ಟಿ ಸುತ್ತಿಕೊಂಡಿತು. ಸುತ್ತಿಗೆಯ ಮರದ ಹಿಡಿಯಿಂದ ಮಾವ ಮೆಲ್ಲಗೆ ಬಡಿದರು. ಪಿಸ್ಟನ್ ಒಳಗಿಳಿಯಿತು.

ಎರಡನೆಯದಕ್ಕೆ ಎರಡು ಸಲ ಅಳೆದೆ. ಮೂರನೆಯದಕ್ಕೂ ಎರಡು ಸಲ. ನಾಲ್ಕನೆಯದರ ಕೊನೆಯ ರಿಂಗಿನ ಬಾಯಿಯಲ್ಲಿ ನಲವತ್ತರ ಪಟ್ಟಿ ನಿಂತಿತ್ತು. ಅದನ್ನು ಹೊರಗೆಳೆದೆ. ಇನ್ನೊಮ್ಮೆ ತೂರಿಸಿ ನೋಡಬೇಕೆಂದು ಕೈ ತಾನಾಗಿಯೇ ಮುಂದೆ ಹೋಯಿತು. ನನ್ನೊಳಗೆ ಅನುಮಾನ ಅಲುಗಾಡುತ್ತಲೇ ಇತ್ತು, ನಿನ್ನೆಯಂತೆಯೇ, ಯಾವತ್ತಿನಂತೆಯೇ. ಅದು ನಿಲ್ಲಲಿ ಎಂದು ಕಾದರೆ ಸೋಮವಾರ ದಾಟಿಹೋಗುತ್ತದೆ ಎಂಬುದು ನನಗೆ ಸ್ಪಷ್ಟವಾಗಿತ್ತು.

ಮಾವ ಕಾಯುತ್ತಿದ್ದರು. ಫೀಲರ್ ಗೇಜನ್ನು ಮಡಿಸಿ ಅದರ ಕವಚದೊಳಗೆ ಹಾಕಿದೆ.

“ಸರಿ” ಎಂದೆ. ಅವರಿಗೆ ಅಷ್ಟು ಸಾಕಾಯಿತು. ಸುತ್ತಿಗೆಯ ಹಿಡಿಯನ್ನು ಕೈಗೆತ್ತಿಕೊಂಡರು.